ಯಾವ ಮುಂಜಾನೆ

ಮಂಗಳವಾರ ರಾತ್ರಿ ಒಂಬತ್ತೂವರೆಗೆ ನಾನು ವಿದ್ಯಾರ್ಥಿ.
ಫೋನನ್ನು ಸ್ಟೆರಿಲೈಸರಿಗೆ ಆನಿಸಿ ಕೂರುತ್ತೇನೆ.
ಪುಟ್ಟ ಚೌಕಗಳಲ್ಲಿ ಹದಿಮೂರು ದಣಿದ ಮುಖ:
ಸಾವಂತವಾಡಿಯವರು, ಕಾಣಕೋಣದವರು,
ಊಟದ ತಟ್ಟೆ ಕಾಣದ ಹಾಗೆ ಕ್ಯಾಮೆರಾ ಮೇಲೆತ್ತಿಕೊಂಡ
ವಾಳಪೈಯ ಡಾಕ್ಟರು,
ಕೇಪೆಯ ನರ್ಸ್ ಎರ್ಮೆಲಿಂಡಾ.
ಅವಳೇ ಅವತ್ತು ಅಂದದ್ದು:
‘ಅರ್ಥವಾಯ್ತಾ ಅಂತ ಕೇಳಬೇಡಿ.
ಆಯ್ತು ಅಂತಲೇ ಅನ್ನುತ್ತಾರೆ, ಎದ್ದು ಹೋಗುವ ಅವಸರಕ್ಕೆ.
ನೀವೇನು ಮಾಡ್ತೀರಿ, ನಿಮ್ಮ ಮಾತಲ್ಲಿ ಹೇಳಿ ಅನ್ನಿ.
ಆಮೇಲೆ ಸುಮ್ಮನಿರಿ.’

ಸುಮ್ಮನಿರುವುದನ್ನು ಯಾವ ಕಾಲೇಜೂ ನನಗೆ ಕಲಿಸಿರಲಿಲ್ಲ.
ವಾಸ್ಕೋದಲ್ಲಿ ಇಪ್ಪತ್ತೆರಡು ವರ್ಷದ ದವಾಖಾನೆ,
ದಿನಕ್ಕೆ ಅರವತ್ತು ನಾಡಿ, ತಲೆಗೆ ಮೂರು ನಿಮಿಷ.
ಅದರಲ್ಲಿ ಎರಡೂವರೆ ನನ್ನದೇ ದನಿ.

ಬುಧವಾರ ಹುಲಿಗೆವ್ವ ಬಂದಳು.
ಕುಷ್ಟಗಿ ಕಡೆಯವಳು. ಖಾರೆವಾಡೆಯ ಜೆಟ್ಟಿಯಲ್ಲಿ
ಬಂಗಡೆ ಆರಿಸಿ, ಬುಟ್ಟಿಗೆ ಬರ್ಫು ತುಂಬುವ ಕೆಲಸ.
ಸಕ್ಕರೆ ಇನ್ನೂರ ಎಂಬತ್ತು.
ಮೂರು ತಿಂಗಳಲ್ಲಿ ಎರಡು ಸಲ ಮಾತ್ರೆ ಏರಿಸಿದ್ದೆ,
ಎರಡು ಸಲ ಬೈದಿದ್ದೆ,
‘ಹೇಳಿದ್ದು ಕೇಳುವುದಿಲ್ಲ’ ಎಂದು ಫೈಲಿನಲ್ಲಿ
ಕೆಂಪು ಶಾಯಿಯಲ್ಲಿ ಬರೆದಿದ್ದೆ,
ಅವಳೆದುರಿಗೇ, ಇಂಗ್ಲಿಷಿನಲ್ಲಿ.

ಪೆನ್ನು ಕೆಳಗಿಟ್ಟೆ.
‘ಯವ್ವಾ, ಗುಳಿಗಿ ಹೆಂಗ ತಗೋತಿ, ನೀನ ಹೇಳು.’
ಫ್ಯಾನು ಮೂರು ಸುತ್ತು ಕಿರುಗುಟ್ಟಿತು.
ನಾನು ನಾಲಗೆ ಕಚ್ಚಿಕೊಂಡೆ.
ಪ್ರಶ್ನೆ ಬೇರೆ ಯಾರಿಗೋ ಇರಬೇಕೆಂದು
ಅವಳು ಹಿಂದಿರುಗಿ ಬಾಗಿಲು ನೋಡಿದಳು. ಆಮೇಲೆ:

‘ನೀವು ಮುಂಜಾನಿಗೊಂದು ಅಂದ್ರಿ.
ಯಾವ ಮುಂಜಾನಿರೀ?
ನಂದು ಮೂರಕ್ಕ ಆಗತೈತಿ, ದೋಣಿ ಬರೂ ಹೊತ್ತಿಗೆ.
ನುಂಗಿ ಹೋಗ್ತೀನಿ.
ರೊಟ್ಟಿ ಕಾಣೂದು ಹನ್ನೊಂದಕ್ಕ, ಮೀನಿನ ಲೆಕ್ಕ ಮುಗದ ಮ್ಯಾಲ.
ಐದರ ಸುಮಾರು ಕೈಕಾಲು ನಡಗತಾವು, ಕಣ್ಣಿಗಿ ಕತ್ತಲಿ.
ಬರ್ಫಿನ ಮ್ಯಾಲ ಎಲ್ಲಾರೂ ನಡಗತಾರ್ರೀ,
ನನ್ನ ನಡುಕ ಯಾರು ನೋಡ್ಯಾರು?
ನಾಕು ಚಮಚ ಸಕ್ರಿ ಹಾಕ್ಕೊಂಡು ಚಾ ಕುಡದ್ರ ನಿಲ್ಲತೈತಿ.
ಮತ್ತ ಏಳಕ್ಕೊಂದು. ಒಂಬತ್ತಕ್ಕೊಂದು.
ಇಲ್ಲಿ ಬಂದ್ರ ನೀವು ಗುಳಿಗಿ ಏರಸ್ತೀರಿ.
ನೀವು ಏರಿಸಿದಂಗ ನಡುಕ, ನಡುಗಿದಂಗ ಚಾ.’

ನಾನು ಸುಮ್ಮನಿದ್ದೆ.
ಈ ಸಲ ಯಾರೂ ಕಲಿಸಿದ್ದಕ್ಕಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂಬ ಮಾತು ಹಲ್ಲಿನವರೆಗೆ ಬಂದು
ಕೆಂಪು ಶಾಯಿ ಕಂಡು ಹಿಂದಕ್ಕೆ ಹೋಯಿತು.

ಇಬ್ಬರೂ ಕೂಡಿ ಹೊಸ ಲೆಕ್ಕ ಹಾಕಿದೆವು. ಗಡಿಯಾರ ಬೇಡ ಅಂದಳು.
ದೋಣಿ ಬಂದಾಗ ಗುಳಿಗೆಯಿಲ್ಲ, ಮಡಿಲಲ್ಲಿ ಒಂದು ಪಾವು.
ರೊಟ್ಟಿ ಮುರಿದಾಗ ಒಂದು, ಅದೂ ಅರ್ಧಕ್ಕೆ ಇಳಿಸಿದ್ದು.
ಬೆರಳು ಚುಚ್ಚಿ ನೋಡಿಕೊಳ್ಳಲೆಂದು ಮಷೀನು ಕೊಟ್ಟರೆ ನಕ್ಕಳು:
‘ಥಂಡಿ ಬಟ್ಟಿಗೆ ರಕ್ತ ಬರೂದಿಲ್ರೀ.
ಚಾದ ಗ್ಲಾಸು ಬೇಕ.
ಕುಡ್ಯಾಕ ಬ್ಯಾಡಂದ್ರ ಬಿಡ್ರಿ, ಹಿಡಕೊಳ್ಳಾಕರ ಬೇಕಲ್ಲ.’
ನನ್ನ ಯಾವ ಪುಸ್ತಕದಲ್ಲೂ ಇಲ್ಲದ ಸಾಲು.
ಬರೆದುಕೊಂಡೆ. ಕೆಂಪು ಸಾಲು ಹೊಡೆದೆ.
ಫೈಲು ಅವಳ ಕೈಗಿಟ್ಟೆ: ಇದು ನಿಂದು, ಮನೆಯಲ್ಲೇ ಇಟ್ಟುಕೋ.

ಮರು ಮಂಗಳವಾರ ಇದನ್ನು ಹೇಳತೊಡಗಿದೆ,
‘ನನ್ನ ಒಬ್ಬ ಪೇಶಂಟು...’
‘ಅವಳ ಮಾತಲ್ಲಿ ಹೇಳಿ ಡಾಕ್ಟರ್’ ಅಂದಳು ಎರ್ಮೆಲಿಂಡಾ.
ಯಾವ ಮುಂಜಾನಿರೀ ಎಂಬುದನ್ನು ಕೊಂಕಣಿಗೆ ತರಲು ಹೋಗಿ
ತಡವರಿಸಿದೆ.
ವಾಳಪೈಯವರ ಚೌಕದಲ್ಲಿ ಚಮಚ ತಟ್ಟೆಗೆ ಬಿದ್ದ ಸದ್ದು.
ಇವತ್ತೇ ಎಷ್ಟು ಚೀಟಿಯಲ್ಲಿ ಬರೆದಿದ್ದರೋ,
ಬೆಳಿಗ್ಗೆ ಒಂದು.

ಹುಲಿಗೆವ್ವ ಆ ವಾರ ಬರಲಿಲ್ಲ. ಮುಂದಿನ ವಾರವೂ ಇಲ್ಲ.
ಬಂದವಳು ಬೇರೆ ಯಾರೋ, ಬಾದಾಮಿಯವಳಂತೆ,
ಮೀನಿನ ಹೊಟ್ಟು ಅಂಟಿದ ಮುಂಗೈ.
ನಾನು ಬಾಯಿ ತೆರೆಯುವ ಮೊದಲೇ
ಸ್ಟೂಲು ಹತ್ತಿರ ಎಳೆದುಕೊಂಡು ಕೂತಳು:

‘ಈಗ ಕೇಳ್ತೀರಂತಲ್ಲ?’