ಸಾವಿರದಿನ್ನೂರು ಅಡಿ

ಗುಡಿಬಂಡೆಯ ನಮ್ಮ ಭಾನುವಾರದ ಶಾಲೆಯಲ್ಲಿ
ಹನ್ನೊಂದು ಮಕ್ಕಳು, ಒಂದು ಜಮಖಾನೆ.
ಸೃಷ್ಟಿಯ ಪಾಠ. ಬೆಳಕು, ಆಕಾಶ, ನೀರು, ನೆಲ,
ದಿನದಿನವೂ ಅವನು ನೋಡಿ ಮೆಚ್ಚಿಕೊಂಡದ್ದು.
"ಎಲ್ಲಾ ಹೇಗಿತ್ತು?" ಅಂದೆ.
"ಒಳ್ಳೇದಾಗಿತ್ತು!" ಅಂದರು ಬಾಯ್ತುಂಬ ನಕ್ಕು.
ಹನ್ನೊಂದರಲ್ಲಿ ಒಂಬತ್ತು ಬಾಯಲ್ಲಿ
ಹಲ್ಲಿಗೆ ತುಕ್ಕಿನ ಗೆರೆ.

ಸುವಾರ್ತ ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ.
ಬೆರಳ ಸಂದಿಯಿಂದಲೇ ಕೇಳಿದಳು:
"ಟೀಚರ್, ಕಲ್ಲೊಳಗೆ ಅದನ್ನ ಇಟ್ಟಿದ್ದು ಯಾರು?"

ಅಯ್ಯನವರ ಉತ್ತರ ನನಗೆ ಬಾಯಿಪಾಠ:
ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ, ಮನುಷ್ಯ ಕೆಟ್ಟ.
ತಿಂದವನು ಆದಾಮ, ಚಳಿತದ್ದು ಮಕ್ಕಳ ಹಲ್ಲು.
ಸರಿ. ಬೋರು ಕೊರೆದವರು ನಾವೇ,
ಮುನ್ನೂರು, ಏಳ್ನೂರು, ಸಾವಿರದಿನ್ನೂರು ಅಡಿ,
ದ್ರಾಕ್ಷಿಗೆ, ರೇಷ್ಮೆಯ ಸೊಪ್ಪಿಗೆ, ಪಕ್ಕದವನ ಮೇಲಿನ ಹಟಕ್ಕೆ.
ಕೆರೆಯ ಹೂಳೆತ್ತದೆ ಬಿಟ್ಟವರೂ ನಾವೇ.
ಅಷ್ಟನ್ನು ಇಲ್ಲೇ ನಿಂತು ಒಪ್ಪಿಕೊಳ್ಳುತ್ತೇನೆ.
ಆದರೆ ಕಲ್ಲು?
ಆದಾಮನಿಗಿಂತ ಮುಂಚೆ ತಣ್ಣಗಾದ ಕಲ್ಲು,
ಯಾರ ಹಣ್ಣಿಗೂ ಕೈಚಾಚದ ಕಲ್ಲು.
ಅದನ್ನೂ ನೋಡಿದ್ದನಲ್ಲ,
ಮೆಚ್ಚಿದ್ದನಲ್ಲ.

ಸುವಾರ್ತಳ ಅಜ್ಜಿ ರಾಹೇಲಮ್ಮನ ಮಂಡಿ
ಬಗ್ಗದೆ ಆರು ವರ್ಷ.
ಸಭೆಯೆಲ್ಲ ಮೊಣಕಾಲೂರಿದಾಗ
ಕೊನೆಯ ಬೆಂಚಿನ ಹತ್ತಿರ ಗೋಡೆ ಹಿಡಿದು
ಅವಳೊಬ್ಬಳೇ ಎತ್ತರ.
ಹೊಸಬರು ಸೊಕ್ಕು ಅಂದುಕೊಳ್ಳುತ್ತಾರೆ.
ಒಮ್ಮೆ ಕೇಳಿದ್ದೆ, ಅವನ ಮೇಲೆ ಸಿಟ್ಟಿಲ್ವೇನಮ್ಮ.
"ಐತೆ. ಸಿಟ್ಟು ಮಾಡೋಕೆ ಇನ್ಯಾರವ್ರೆ ನಂಗೆ?"
ಅಂದು ಕೋಲು ಹುಡುಕಿದಳು.

ಕಾಣಿಕೆ ಚೀಲ ಬಂದಾಗ
ಸುವಾರ್ತ ಹಾಕಿದ್ದು ಐದರ ಬಿಲ್ಲೆ,
ಶುದ್ಧ ನೀರಿನ ಘಟಕಕ್ಕೆಂದು ಮನೆಯಲ್ಲಿ ಕೊಟ್ಟದ್ದು,
ಇಪ್ಪತ್ತು ಲೀಟರಿನದು.
ಕಣ್ಣಲ್ಲೇ ಗದರಿದೆ.
"ಮಿಷನ್ ಕೆಟ್ಟು ಎರಡು ತಿಂಗಳಾಯ್ತು ಟೀಚರ್,
ಅಲ್ಲಿ ಹಾಕಿದ್ರೆ ಬರ್ತಿಲ್ಲ.
ಇಲ್ಲಿ ಹಾಕಿ ನೋಡ್ತೀನಿ."

ಮುಂದಿನ ವಾರದ ಪಾಠ
ಬಾವಿಯ ಬಳಿ ದಣಿದು ಕೂತವನದು,
ಮಟಮಟ ಮಧ್ಯಾಹ್ನ ಒಬ್ಬ ಹೆಂಗಸಿನ ಹತ್ತಿರ
ಕುಡಿಯಲು ನೀರು ಬೇಡಿದವನದು.
ಶನಿವಾರ ರಾತ್ರಿ, ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದೇನೆ.
ಬಾವಿ ಬರೆದರೆ ಈ ಮಕ್ಕಳಿಗೆ ತಿಳಿಯದು.
ಬೋರಿನ ನಲ್ಲಿ ಬರೆದೆ, ಸುತ್ತ ಒಂದಿಷ್ಟು ಕೆಸರು,
ಪಕ್ಕದಲ್ಲಿ ನೀಲಿ ಬಿಂದಿಗೆಯ ಹೆಂಗಸು
(ಅವಳ ಮಂಡಿಯೂ ಬಗ್ಗಿಲ್ಲ, ನನಗೆ ಬರೆಯಲು ಬಂದದ್ದೇ ಹಾಗೆ),
ಎದುರಿಗೆ ಅವನ ಬೊಗಸೆ.

ಹೊಯ್ಯಲೋ ಬೇಡವೋ.
ಸೀಮೆಸುಣ್ಣ ಅಲ್ಲೇ ನಿಂತಿತು ತುಂಬ ಹೊತ್ತು.
ಬೇಡಪ್ಪ, ಇದು ಎಲುಬಿಗಿಳಿಯುವ ನೀರು ಅಂದರೂ
ಬೊಗಸೆ ಹಿಂದೆ ಸರಿಯಲಿಲ್ಲ.
ಕಲ್ಲಿನ ಪ್ರಶ್ನೆಗೆ ಇದು ಉತ್ತರವಲ್ಲ, ಸುವಾರ್ತ.
ನನ್ನ ಹತ್ತಿರ ಉತ್ತರ ಇಲ್ಲ.

ಇನ್ನು ಅವನ ಬಾಯಿ ಬರೆಯಬೇಕು.
ಹಲ್ಲಿಗೆಂದು ಹಿತ್ತಲಿನಿಂದ
ಒಂದು ಇಟ್ಟಿಗೆ ಚೂರು ತಂದಿಟ್ಟುಕೊಂಡಿದ್ದೇನೆ.