ಕಾಲು ತೊಳದು ಬರ್ರಿ

ಪಂಚಾಯ್ತಿಯೊಳಗ ಠರಾವು ಆದ ಮರುದಿನ
ಲಾಲಸಾಬ ನಳಕ್ಕ ನೀರು ಬಿಡೂ ಕೆಲಸ ಬಿಟ್ಟು
ರಿಕ್ಷಾಕ್ಕ ಮೈಕು ಕಟ್ಟಿಕೊಂಡು ಬಂದ:

"ದಾಳಿಂಬ್ರಿ ಇದ್ದವರು ಲಕ್ಷ್ಯ ಕೊಟ್ಟು ಕೇಳ್ರಿ.
ಒಂದು ತ್ವಾಟದ ಕತ್ತರಿ ಇನ್ನೊಂದು ತ್ವಾಟಕ್ಕ ಹೋಗಬಾರದು.
ಮಂಜು ಆರೂತನಕ ಚಾಟ್ನಿಗೆ ಇಳೀಬಾರದು.
ಕಡದ ಟೊಂಗಿ ಬದುವಿನ ಮ್ಯಾಲ ಒಗೀಬಾರದು,
ತೆಗ್ಗಿನಾಗ ಹಾಕಿ ಸುಡಬೇಕು.
ಹೊರಗಿನ ಗೂಟಿ ಸಸಿ, ಮಾವ ಕೊಟ್ಟರೂ ತರಬಾರದು..."
ನಡುವ ಒಂದಿಷ್ಟು ಗೊರಗೊರ.
"...ಕಾಲು ತೊಳೀದ ಒಳಗ ಬಂದವರಿಗೆ
ಐನೂರು ದಂಡ. ಯಾರಿದ್ರೂ ಸೈತ."

ಯಾರಿದ್ರೂ ಸೈತ.
ಈ ಮಾತು ಈ ಊರಾಗ ನಾ ಕೇಳಿದ್ದು
ಅದಽ ಮೊದಲ ಸಲ.

ರೋಗದ ಹೆಸರು ತೇಲ್ಯಾ.
ಎಲಿ ಮ್ಯಾಲ ಎಣ್ಣಿ ಸಿಡದಂಗ ಒಂದು ಚುಕ್ಕಿ,
ಸಾಸಿವಿ ಕಾಳಿಗಿಂತ ಸಣ್ಣದು.
ಬಿಸಿಲಿಗೆ ಹಿಡದ್ರ ಸುತ್ತ ಹಳದಿ ಉಂಗುರ.
ಹಣ್ಣಿಗೆ ಬಂತಂದ್ರ
ಮೂರು ಹಾದಿ ಕೂಡಿದಂಗ ತೊಗಲು ಸೀಳತದ.
ಒಳಗಿನ ಕಾಳು ಕೆಂಪಗಽ ಇರತಾವ, ಪಾಪ,
ಅವಕ್ಕಿನ್ನೂ ಸುದ್ದಿ ಮುಟ್ಟಿರೂದಿಲ್ಲ.

ಇಪ್ಪತ್ತೆರಡು ವರ್ಷ ಆತು ಕತ್ತರಿ ಹಿಡದು.
ಟೊಂಕಕ್ಕ ಸಿಗಿಸಿಕೊಂಡು ತ್ವಾಟದಿಂದ ತ್ವಾಟಕ್ಕ,
ತಿಕೋಟಾದ ಹಾದಿ ಹಿಡದು ಎಲ್ಲಿಗೆ ಕರದ್ರ ಅಲ್ಲಿಗೆ.
ರೋಗ ಕತ್ತರಿ ಬಾಯಾಗ ಕುಂತು ತಿರಗತದ ಅಂತ
ಕೃಷಿ ಆಫೀಸಿನ ಹುಡುಗಿ ಹೇಳಿದ ರಾತ್ರಿ
ಎಷ್ಟು ಗಿಡಕ್ಕ ನಾನಽ ಹೊತ್ತು ಹಾಕೀನೋ ಅಂತ
ಎಣಿಸ್ಕೋತ ಮಲಗಿದೆ, ನಿದ್ದಿ ಬರಲಿಲ್ಲ.

ಈಗ ಗಿಡಕ್ಕೊಮ್ಮೆ ಅದ್ದತೀನಿ.
ಅದ್ದು, ಕಡಿ. ಅದ್ದು, ಕಡಿ.
ದಿನಕ್ಕ ಅರವತ್ತು ಗಿಡ ಮುಗಸಾಕಿ
ನಲವತ್ತಕ್ಕ ನಿಂತೀನಿ.
ಪಗಾರ ಗಿಡದ ಲೆಕ್ಕಕ್ಕ.
ಇದನ್ನ ಠರಾವಿನಾಗ ಯಾರೂ ಬರದಿಲ್ಲ.

ಮಂಜು ಆರೂತನಕ ಖಾಲಿ ಕುಂಡ್ರೂದ್ಯಾಕ ಅಂತ
ಬಾಪುಗೌಡ್ರ ತ್ವಾಟದ ಬಾಗಿಲಕ್ಕ ನನ್ನ ನಿಲ್ಲಿಸ್ಯಾರ.
ಬಾಜೂಕ ಪರಾತ, ಬ್ಲೀಚಿಂಗ್ ನೀರು, ಒಂದು ಚರಗಿ.

ಬುಧವಾರ ಗೌಡ್ರಽ ಬಂದ್ರು, ಹೊಸ ಮೆಟ್ಟು ಕಿರಕಿರ.
"ಯಮನವ್ವಾ, ತ್ವಾಟ ನಂದು."
"ತ್ವಾಟ ನಿಮ್ದಽ ರೀ.
ಕಾಲು ನಿನ್ನಿ ಬೀಗರ ತ್ವಾಟಕ್ಕ ಹೋಗಿದ್ದುವು."
ಹಿಂದ ನಿಂತ ಹುಡುಗರು ಕೆಮ್ಮಿದ್ರು.
ಗೌಡ್ರು ಅತ್ತಾಗ ನೋಡಿದ್ರು, ಇತ್ತಾಗ ನೋಡಿದ್ರು,
ಮೆಟ್ಟು ಬಿಟ್ರು, ಧೋತರ ಎತ್ತಿದ್ರು.

ಮುಟ್ಟದಂಗ ಮ್ಯಾಲಿಂದ ನೀರು ಹಾಕೂದು
ನನಗ್ಯಾರೂ ಕಲಸೂ ಕಾರಣಿಲ್ಲ.
ಇದಽ ತ್ವಾಟದ ಭಾವಿ ಕಟ್ಟಿ ಕೆಳಗ
ನಮ್ಮವ್ವ ಬಗ್ಗಿ ಬೊಗಸಿ ಒಡ್ಡತಿದ್ಲು.
ನೀರು ಮೊಣಕೈಗುಂಟ ಇಳದು
ಬಾಜೂಕ ನಿಂತ ನನ್ನ ನೆತ್ತಿಗೆ ಬೀಳತಿತ್ತು.

ಗೌಡ್ರ ಹಿಂಬಡದ ಬಿರುಕಿನಾಗ ನೀರು ಇಳೀತು.
ಉರೀತೋ ಏನೋ.
ಅವರೂ ಅನಲಿಲ್ಲ, ನಾನೂ ಕೇಳಲಿಲ್ಲ.

ಸಂಜಿಕ ಮೂಲಿಯ ಗಿಡ ಬುಡಸಹಿತ ಕಿತ್ವಿ.
ಹಸಿ ಟೊಂಗಿ ಲಗೂನ ಉರಿ ಹಿಡೀಲಿಲ್ಲ,
ಹೊಗಿ ಎಲ್ಲಾರ ಕಣ್ಣಾಗ.
ತೆಗ್ಗಿನ ದಂಡಿಗೆ ನಿಂತು ಗೌಡ್ರಂದ್ರು,
"ಸಣ್ಣಾಕಿದ್ದಾಗ ಮಗಳು ಈ ಗಿಡಕ್ಕ ಹೆಸರಿಟ್ಟಿದ್ಲು."
ಏನು ಹೆಸರು ಅಂತ ಹೇಳಲಿಲ್ಲ.

ನಮ್ಮ ಬಚ್ಚಲ ನೀರಿಗೂ ಒಂದು ದಾಳಿಂಬ್ರಿ ಅದ.
ಹನ್ನೊಂದು ವರ್ಷದ ಹಿಂದ ಇವರ ತ್ವಾಟದ್ದಽ ಟೊಂಗಿ,
ನೆರಿಗ್ಯಾಗ ಮುಚ್ಚಿ ತಂದು ನೆಟ್ಟದ್ದು.
ಯಾರ ಪಟ್ಟಿಯೊಳಗೂ ಇಲ್ಲ.
ವರ್ಷಕ್ಕ ಏಳೆಂಟು ಹಣ್ಣು, ಎಲ್ಲಾ ಮೊಮ್ಮಗಳಿಗೆ.

ರಾತ್ರಿ ಅದರ ಮುಂದ ಕುಂತು
ಮೊಬೈಲಿನ ಬೆಳಕು ಹಿಡದು ಎಲಿ ತಿರವಿದೆ.
ಒಂದು ಕಡೆ ಏನೋ ಹೊಳೀತು.
ಎಣ್ಣಿ ಚುಕ್ಕಿಯೋ,
ಮುಸರಿ ನೀರು ಸಿಡದದ್ದೋ.
ನಾಳೆ ಬಿಸಿಲಿಗೆ ಹಿಡದು ನೋಡೂಣು ಅಂತ ಎದ್ದೆ.
ಒಳಗ ಕಾಲಿಡೂಕಿಂತ ಮೊದಲು
ನಿಂತು, ಚರಗಿ ತಗೊಂಡು,
ಕಾಲು ತೊಳಕೊಂಡೆ.