ಕೊರಳಪಟ್ಟಿಯವಳು

ಹಾಕರ್ ಊರಾಚೆ ಕೆಂಪು ಬೆಟ್ಟವನ್ನು
ನೆರಳಿಗಿಂತ ಮೊದಲು ಸದ್ದು ಮುಟ್ಟುತ್ತದೆ.
ಬಂದೂಕು ಡಾರ್ಸಿಯದು, ಲೆಕ್ಕ ನನ್ನದು:
ಮೂವತ್ತೊಂದು ಮೇಕೆ, ಎರಡು ಜಿಂಕೆ,
ಪೆನ್ಸಿಲ್ಲಿನ ಮೊನೆ ಮುರಿದಲ್ಲಿ ಒಂದು ಅನುಮಾನ.

ಒಬ್ಬಳನ್ನು ಮಾತ್ರ ಹೊಡೆಯುವಂತಿಲ್ಲ.
ಕೊರಳಿಗೆ ರೇಡಿಯೊ ಕಟ್ಟಿ ಬಿಟ್ಟವರು ನಾವೇ.
ಒಂಟಿಯಾಗಿ ಇರಲಾರದ ಜಾತಿ;
ಅವಳು ಹಿಂಡು ಹುಡುಕುತ್ತಾಳೆ, ನಾವು ಅವಳನ್ನು.
ಎಲ್ಲ ಮುಗಿದ ಮೇಲೆ ಮೈ ಕೊಡವಿಕೊಂಡು
ಇನ್ನೊಂದು ಕಣಿವೆಗೆ ಹೊರಡುತ್ತಾಳೆ,
ನೆಂಟರ ಮನೆಗೆ ಹೊರಟವಳ ಹಾಗೆ.

ತಪ್ಪೆನ್ನಲಾರೆ. ಒರತೆಯ ಬಳಿ ಈ ವರ್ಷ
ಹಳದಿ ಕಾಲಿನ ವಾಲಬಿಯ ಮರಿ ಕಂಡೆ,
ಬೋಳು ಬಂಡೆಯ ಸೀಳಲ್ಲಿ ಹೆಸರು ಗೊತ್ತಿಲ್ಲದ ಚಿಗುರು.
ಒಗೆದರೂ ಹೋಗದ ಮದ್ದಿನ ವಾಸನೆ ನನ್ನ ಅಂಗಿಯಲ್ಲಿ,
ಅದೂ ನಿಜ.

ಸೆಪ್ಟೆಂಬರಿನಲ್ಲಿ ಮೂರು ದಿನ ಸುಮ್ಮನೆ ಹಾರಿದೆವು.
ನಾಲ್ಕನೆಯ ಬೆಳಗ್ಗೆ ರೇಡಿಯೊ
ಒಂದೇ ಕಡೆ ಟಿಕ್ಕೆನ್ನುತ್ತಿತ್ತು, ತೀರ ಹತ್ತಿರ.
ಸತ್ತಳೇನೋ, ಎಂದ ಡಾರ್ಸಿ.
ಹೋಗಿ ನೋಡಿದರೆ
ನಮ್ಮದೇ ಇಂಧನದ ಪೀಪಾಯಿಗಳ ನೆರಳಲ್ಲಿ
ಕಾಲು ಮಡಚಿ ಮಲಗಿದ್ದಾಳೆ, ಮೆಲುಕು ಹಾಕುತ್ತ.
ಬೆಟ್ಟದಲ್ಲಿ ಇನ್ನು ಯಾರೂ ಇರಲಿಲ್ಲ;
ನಮ್ಮನ್ನು ಹುಡುಕಿಕೊಂಡು ಬಂದಿದ್ದಳು.

ಆ ದಿನದ ಸಾಲಿನಲ್ಲಿ ಏನು ಬರೆಯಲಿ?
ಡಾರ್ಸಿ ಟೋಪಿ ತೆಗೆದು
ಅದರಲ್ಲಿ ನೀರು ಹಿಡಿದ.